ಪರೇಲಿನಿಂದ ಬರದ ಫೈಲು

ಗ್ರಾಂಟ್ ರೋಡಿನ ನಮ್ಮ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ವಿಜಯಪುರ ಕಡೆಯ ಹೆಂಗಸಿನ ಜೊತೆ ನಾನು ಕೋರ್ಟಿಗೆ ಅಲೆದೆ. ಗಲ್ಲಾ ಬಿಟ್ಟು ಹೋಗುತ್ತೇನೆಂದು ಮನೆಯಲ್ಲಿ ಬೈದರು. ಆದರೆ ಅವಳಿಗೆ ಕೋರ್ಟಿನ ಮರಾಠಿ ತಿಳಿಯದು, ವಕೀಲನಿಗೆ ಅವಳ ಕನ್ನಡ ತಿಳಿಯದು. ನಡುವೆ ಉಡುಪಿ ಕಡೆಯವ ನಾನೊಬ್ಬ.

ಅವಳು ಮಾಡಿದ ತಪ್ಪೆಂದರೆ ಎರಡನೇ ಬಾಣಂತನಕ್ಕೆ ತವರಿಗೆ ಹೋದದ್ದು. ಗಂಡ ಮೊದಲೇ ಓಡಿಹೋಗಿದ್ದ. ದೊಡ್ಡ ಮಗಳಿಗೆ ನಾಲ್ಕು ವರ್ಷ. ಬಾಲವಾಡಿ ತಪ್ಪಬಾರದೆಂದು ಅವಳನ್ನು ಮಕ್ಕಳ ಆಶ್ರಮವೊಂದರಲ್ಲಿ ಬಿಟ್ಟು, "ಹೆರಿಗಿಗೆ ಹೊಂಟೀನ್ರಿ, ಬರ್ತೀನಿ" ಎಂದು ಹೋದಳು. ಯಾವಾಗ ಬರುತ್ತೇನೆಂದು ಹೇಳಲಿಲ್ಲ. ತವರಿಗೆ ಹೆರಿಗೆಗೆ ಹೋದವಳು ಐದು ತಿಂಗಳು ತುಂಬದೆ ಹೊಸ್ತಿಲು ದಾಟುವುದಿಲ್ಲ, ಅದನ್ನೂ ಬಾಯಿಬಿಟ್ಟು ಹೇಳಬೇಕೇ? ಆಶ್ರಮದ ಮಹಾನುಭಾವರು ಬೀಗ ಹಾಕಿದ ಅವಳ ಚಾಳಿನ ಕೋಣೆಯ ಬಾಗಿಲಿಗೆ ನೋಟಿಸು ಅಂಟಿಸಿದರು. ಯಾರೂ ಬರಲಿಲ್ಲವೆಂದು ಸರಕಾರದ ಮಕ್ಕಳ ಸಮಿತಿ ಹುಡುಗಿಯನ್ನು ತಾಯಿ ತೊರೆದ ಮಗು ಎಂದು ಬರೆದು, ತಾಯಿಯ ಹಕ್ಕು ಕಿತ್ತು, ಮುಲುಂಡಿನ ದಂಪತಿಗೆ ದತ್ತು ಕೊಟ್ಟಿತು. ಕೂಸನ್ನು ಕಂಕುಳಲ್ಲಿ ಹೊತ್ತು ಇವಳು ಬಂದು ನಿಂತಾಗ ಆಶ್ರಮದ ಮೇಡಂ, ಅಪೀಲು ಹಾಕಿಕೋ ಹೋಗು ಎಂದರಂತೆ.

ಹಾಕಿದೆವು. ಅಪೀಲು ನಡೆಯಬೇಕಾದರೆ ಸಮಿತಿಯ ರೆಕಾರ್ಡು ಕೋರ್ಟಿಗೆ ಬರಬೇಕು. ಅದು ಇದ್ದದ್ದು ಪರೇಲಿನ ಕಚೇರಿಯಲ್ಲಿ, ಲೋಕಲ್ ಹತ್ತಿದರೆ ಕೆಲವೇ ಸ್ಟೇಷನ್. ತಾರೀಖು ತಾರೀಖಿಗೂ ಕೋರ್ಟಿನ ಗುಮಾಸ್ತ ಹಲ್ಲು ಕಿರಿದು, "ರೆಕಾರ್ಡ್ ನಹೀ ಆಯಾ" ಎನ್ನುತ್ತಿದ್ದ. ಒಮ್ಮೆ ಪುಟಗಳಿಗೆ ನಂಬರು ಬಿದ್ದಿರಲಿಲ್ಲ. ಇನ್ನೊಮ್ಮೆ ನಂಬರು ಹಾಕುವವನಿಗೆ ರಜೆ. ಮಳೆಗಾಲದಲ್ಲಿ ಕಪಾಟಿಗೆ ನೀರು ನುಗ್ಗಿತು, ಆಮೇಲೆ ಗಣಪತಿ ಬಂದ, ಆಮೇಲೆ ಎಲೆಕ್ಷನ್ ಡ್ಯೂಟಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ದೇವರೂ ಪೂಜಾರಿಯ ಮುಖ ನೋಡಿಕೊಂಡು ಕೂತಿದ್ದ.

ಸಾಂಬಾರು ಚೆಲ್ಲದೆ ಪರೇಲಿಗೆ ಪಾರ್ಸೆಲ್ ಮುಟ್ಟಿಸುವವರು ನಾವು, ಫೈಲು ನಾನೇ ಹೋಗಿ ತರಲಾ ಎಂದು ಕೇಳಿದೆ. ಸರಕಾರಿ ಕಾಗದವನ್ನು ಹೊರಗಿನವರು ಮುಟ್ಟುವಂತಿಲ್ಲವಂತೆ. ಇವಳ ಮಗಳನ್ನು ಮಾತ್ರ ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು.

"ಅಣ್ಣಾರ, ಹುಡುಗಿಗಿ ನನ್ನ ಮಾರಿ ನೆನಪ ಇರತೈತೇನ್ರಿ?" ಎಂದು ಅವಳು ಪ್ರತಿ ಸಲ ವಾಪಸು ಬರುವಾಗ ಕೇಳುತ್ತಿದ್ದಳು. ಇರುತ್ತದೆ ಎನ್ನುತ್ತಿದ್ದೆ.

ಕಂಕುಳಿನ ಕೂಸು ನಡೆದು, ಮಾತು ಕಲಿತು, ಬಾಲವಾಡಿಗೆ ಸೇರಿದ ಮೇಲೆ ರೆಕಾರ್ಡು ಬಂತು. ಒಂದು ಬೆರಳಿನಷ್ಟೂ ದಪ್ಪವಿಲ್ಲದ ಫೈಲು. ತಾಯಿ ಮಗುವನ್ನು ತೊರೆದಿರಲಿಲ್ಲ ಎಂದು ಕೋರ್ಟು ಒಪ್ಪಿತು. ಆದರೆ ಇಷ್ಟು ಕಾಲ ಕಳೆದುಹೋಗಿದೆ, ಮಗು ಹೊಸ ಮನೆಗೆ ಹೊಂದಿಕೊಂಡಿದೆ, ಈಗ ಕಿತ್ತರೆ ಅದಕ್ಕೇ ಕೆಡುಕು ಎಂದು ಅಪೀಲು ವಜಾ ಮಾಡಿತು. ಕಾಲ ತಾನಾಗಿಯೇ ಕಳೆಯಿತಂತೆ. ಕಳೆದವರ ಸುದ್ದಿ ತೀರ್ಪಿನಲ್ಲಿ ಎಲ್ಲೂ ಇರಲಿಲ್ಲ. ಇಂಥವರಿಗೆ ಕೈಮುಗಿದು ಸಾಹೇಬ್ ಸಾಹೇಬ್ ಎಂದದ್ದು ನೆನೆದರೆ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ.

ತೀರ್ಪಿನ ದಿನ ಕೋರ್ಟಿನ ವರಾಂಡದಲ್ಲಿ ಮುಲುಂಡಿನ ಹೆಂಗಸು, ಪಾಪ, ತಾನಾಗಿ ಹುಡುಗಿಯನ್ನು ಕರೆತಂದು ಮುಂದೆ ನಿಲ್ಲಿಸಿದಳು. ಇವಳು ಕುಕ್ಕರಗಾಲಲ್ಲಿ ಕೂತು, "ಹೆಂಗದಿ ಅವ್ವಿ, ಉಂಡಿಯೇನ?" ಎಂದಳು.

ಹುಡುಗಿ ಅವಳ ಕನ್ನಡ ತಿಳಿಯದೆ ಮುಲುಂಡಿನ ಹೆಂಗಸಿನ ದುಪಟ್ಟಾ ಹಿಡಿದು, "ಮಮ್ಮಿ, ಯೇ ಆಂಟಿ ಕ್ಯಾ ಬೋಲ್ ರಹೀ ಹೈ?" ಎಂದು ಕೇಳಿತು.

ನಾನು ಬಾಯಿ ತೆರೆಯುವ ಮೊದಲೇ ಇವಳು ಹೋಟೆಲಿನಲ್ಲಿ ಕಲಿತ ಅರೆಬರೆ ಹಿಂದಿಯಲ್ಲಿ ಮಗಳಿಗೆ ಹೇಳಿದಳು: "ಕುಛ್ ನಹೀ ಬೇಟಾ. ಆಂಟಿ ಪೂಛಾ, ಖಾನಾ ಖಾಯಾ ಕ್ಯಾ."