ಸಹನಾಳ ಎರಡು ವಯಸ್ಸು

೨೦೦೬ರ ಬೇಸಿಗೆ. ಹುಬ್ಬಳ್ಳಿಯ ದೇಶಪಾಂಡೆ ನಗರದ ಒಂದು ಸಣ್ಣ ಟ್ರಾವೆಲ್ ಏಜೆನ್ಸಿಯಲ್ಲಿ ನಾನು ಟೂರ್ ವಿಭಾಗದ ಮುಖ್ಯಸ್ಥೆ. ಮುಖ್ಯಸ್ಥೆ ಎಂದರೆ ಏನೋ ದೊಡ್ಡದು ಅಂದುಕೊಳ್ಳಬೇಡಿ, ಆ ವಿಭಾಗದಲ್ಲಿ ಇದ್ದವಳೇ ನಾನೊಬ್ಬಳು. ಹದಿನಾಲ್ಕು ವರ್ಷ ಕಾಶಿಯಾತ್ರೆ, ಊಟಿ, ಶಿರಡಿ ಅಂತ ಟಿಕೆಟ್ ಮಾಡಿ ಮಾಡಿ ಕೈ ಪಳಗಿತ್ತು. ಆದರೆ ಕ್ರೂಸ್, ಅಂದರೆ ಹಡಗಿನಲ್ಲೇ ಉಂಡು, ಮಲಗಿ, ಆಡಿ ಮೂರು ದಿನಕ್ಕೆ ಹತ್ತಿದ ಬಂದರಿಗೇ ಮರಳುವ ಪ್ರವಾಸ, ಅದನ್ನು ಒಮ್ಮೆಯೂ ಮಾರಿರಲಿಲ್ಲ. ಹಡಗು ಹತ್ತುವ ಮಾತಿರಲಿ, ಕಾರವಾರದಲ್ಲಿ ದಂಡೆಯ ಮೇಲೆ ನಿಂತು ದೂರದಿಂದ ಒಂದನ್ನು ನೋಡಿದ್ದೆ, ಅಷ್ಟೇ. ಬ್ರೋಷರ್ ಓದಿಯೇ ಪಂಡಿತೆಯಾಗಿದ್ದೆ.

ಗೋಪನಕೊಪ್ಪದಿಂದ ಗಿರಿಜಾ ಎಂಬ ಹೆಣ್ಣುಮಗಳು ಬಂದದ್ದು ಮಾರ್ಚ್ ಕೊನೆಯಲ್ಲಿ. ಗಂಡನದು ಪೈಪು, ನಲ್ಲಿ, ಪಂಪುಗಳ ಅಂಗಡಿ. ಯಾರೋ ವ್ಯಾಪಾರಿ ಗೆಳೆಯರು ಸಿಂಗಾಪುರದಿಂದ ಕ್ರೂಸ್ ಹೋಗಿ ಬಂದು ಫೋಟೋ ತೋರಿಸಿದ್ದರಂತೆ. ಹೊರಡುವವರು ಐವರು: ಗಂಡ-ಹೆಂಡತಿ, ಮಗ ಆಕಾಶ, ಮೈದುನ ಶಿವಾನಂದ, ಅವರ ಮಗಳು ಸಹನಾ. ಗಿರಿಜಾ ಕುರ್ಚಿಯಲ್ಲಿ ಕುಳಿತವರೇ ಹೇಳಿದರು, "ಅಕ್ಕಾರ, ನಮಗ ಡ್ಯಾನ್ಸು, ಶಾಪಿಂಗು ಏನೂ ಬ್ಯಾಡ್ರಿ. ಹುಡುಗರಿಗೆ ಆಡಾಕ ಭರಪೂರ ಇರಬೇಕು. ಒಂದ ಗಳಿಗಿನೂ ಬ್ಯಾಸರಾ ಆಗಬಾರ್ದು. ಅಷ್ಟ ನನ್ನ ಕಂಡೀಷನ್."

ಇದೇನು ದೊಡ್ಡ ಮಾತು ಅಂದುಕೊಂಡೆ. ಎರಡನೆಯ ಸಲ ಮಕ್ಕಳನ್ನೂ ಕರೆದುಕೊಂಡು ಬಂದಾಗ ಗೊತ್ತಾಯಿತು. ಸಹನಾ ತೆಳ್ಳಗಿನ, ಎರಡು ಜಡೆಯ ಹುಡುಗಿ. ಆಕಾಶನ ಅಂಗಿಯ ತುದಿ ಹಿಡಿದು ನಿಂತಿದ್ದಳು. ಬಿಸ್ಕೀಟು ಬೇಕೇನವ್ವಾ ಎಂದು ಕೇಳಿದೆ. ಅವಳು ಅವನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಅವನು ದೊಡ್ಡ ವಕೀಲನ ಗತ್ತಿನಲ್ಲಿ ಸಾರಿದ: "ಅಕಿಗೆ ಬಿಸ್ಕೀಟ ಬ್ಯಾಡಂತ್ರಿ. ನೀರ ಬೇಕಂತ."

ನಾನು ನಕ್ಕೆ. ಗಿರಿಜಾ ನಗಲಿಲ್ಲ. ಮಕ್ಕಳು ಆಫೀಸಿನ ಮೂಲೆಯಲ್ಲಿದ್ದ ಮೀನಿನ ತೊಟ್ಟಿ ನೋಡಲು ಹೋದ ಮೇಲೆ ಹೇಳಿದರು, "ಎರಡ ವರ್ಷದ ಹಿಂದ ಅಕಿ ತಾಯಿ ತೀರಿಕೊಂಡ್ಲು. ಆವಾಗಿಂದ ಹಿಂಗ ನೋಡ್ರಿ. ಅಂವನ ಕಿವ್ಯಾಗ ಹೇಳತಾಳ, ಅಂವ ನಮಗ ಹೇಳತಾನ. ಹಡೆದಪ್ಪನ ಕೂಡನೂ ಮಾತಿಲ್ಲ. ಆಕಾಶ ಕಣ್ಣಿಗೆ ಕಾಣಲಿಲ್ಲ ಅಂದ್ರ ಊಟಾನೂ ಇಲ್ಲ, ನೀರೂ ಇಲ್ಲ. ಸಾಲ್ಯಾಗೂ ಒಂದ ಬೆಂಚಿನ ಮ್ಯಾಲೆ ಕುಂದ್ರಸ್ತಾರ. ಹೊಸಾ ಜಾಗಾ, ಹೊಸಾ ಆಟ ನೋಡಿ ಸ್ವಲ್ಪರ ಬಾಯಿ ಬಿಟ್ಟಾಳೇನೋ ಅಂತ ಒಂದ ಆಸೆ." ಆಕೆಗೆ ಬೇಕಾದದ್ದು ಟೂರ್ ಅಲ್ಲ, ಆ ಕೂಸಿನ ದನಿ.

ಅಂದಿನಿಂದ ನಾನು ಪರೀಕ್ಷೆಗೆ ಓದುವವಳ ಹಾಗೆ ಕುಳಿತೆ. ಮೂರು ಹಡಗುಗಳ ಬ್ರೋಷರ್ ಹರಡಿಕೊಂಡು, ಉದ್ದ ಪುಸ್ತಕದಲ್ಲಿ ಗೆರೆ ಎಳೆದು ಪಟ್ಟಿ ಮಾಡಿದೆ. ಹಡಗುಗಳಲ್ಲಿ ಕಿಡ್ಸ್ ಕ್ಲಬ್ ಅಂತ ಇರುತ್ತದೆ. ಮಕ್ಕಳನ್ನು ಅಲ್ಲಿ ಬಿಟ್ಟರೆ ಸಿಬ್ಬಂದಿ ದಿನವಿಡೀ ಆಡಿಸುತ್ತಾರೆ, ದೊಡ್ಡವರಿಗೆ ಒಳಗೆ ಪ್ರವೇಶವಿಲ್ಲ. ಯಾವ ಕ್ಲಬ್ಬು ಎಷ್ಟು ಗಂಟೆಗೆ ತೆರೆಯುತ್ತದೆ, ಮಕ್ಕಳಿಗೆ ಸಸ್ಯಾಹಾರ ಉಂಟೋ ಇಲ್ಲವೋ, ಎಲ್ಲವನ್ನೂ ಹಡಗು ಕಂಪನಿಯ ಮುಂಬೈ ಕಚೇರಿಗೆ ಫೋನು ಮಾಡಿ ಕೇಳಿದೆ. ಗಿರಿಜಾ ಐದು ಸಲ ಬಂದರು, ಪ್ರತಿ ಸಲವೂ ಹೊಸ ಪ್ರಶ್ನೆ. ರೇಲಿಂಗ್ ಎಷ್ಟು ಎತ್ತರ ಎಂಬುದನ್ನೂ ಬಿಡಲಿಲ್ಲ. ಕೊನೆಗೆ ದೊಡ್ಡ ಹಡಗನ್ನು ಆರಿಸಿದೆವು. ಮೂರರಿಂದ ಆರು ವರ್ಷದವರ ಕ್ಲಬ್ಬಿನಲ್ಲಿ ಜಾರುಬಂಡಿ, ಬೊಂಬೆಯಾಟ, ಜಾದೂ, ಬಣ್ಣದ ಚೆಂಡುಗಳ ಕೊಳ, ಏನುಂಟು ಏನಿಲ್ಲ!

ಪಾಸ್‌ಪೋರ್ಟುಗಳು ಇನ್ನೂ ಬೆಂಗಳೂರಿನಿಂದ ಬಂದಿರಲಿಲ್ಲ. ಹೆಸರು, ಹುಟ್ಟಿದ ದಿನ ಕೊಟ್ಟರೆ ಬುಕಿಂಗ್ ಆಗುತ್ತಿತ್ತು. "ಇಬ್ಬರೂ ಓರಿಗಿಯವರ್ರಿ. ಅಕಿ ನಾಗರಪಂಚಮಿಗೆ ಹುಟ್ಟಿದಾಕಿ, ಇಂವ ದಸರಾಕ್ಕ. ಆರು ತುಂಬಿ ಏಳು ನಡದಾವ," ಎಂದರು ಗಿರಿಜಾ. ನಾನು ಹಳೆಯ ಪಂಚಾಂಗ ತೆಗೆದು ೧೯೯೯ರ ಪಂಚಮಿ ಯಾವಾಗ ಬಂದಿತ್ತೆಂದು ನೋಡಿ ತಾರೀಖು ತುಂಬಿದೆ. ಎಷ್ಟು ಚೊಕ್ಕ ಕೆಲಸ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಹಡಗು ಹೊರಡಲು ಇಪ್ಪತ್ತಮೂರು ದಿನ ಇದ್ದಾಗ, ಒಂದು ಗುರುವಾರ ಮಧ್ಯಾಹ್ನ, ಶಿವಾನಂದ ಐದೂ ಪಾಸ್‌ಪೋರ್ಟು ತಂದುಕೊಟ್ಟು ಹೋದರು. ಸಹನಾಳದನ್ನು ತೆರೆದವಳು ಹಾಗೇ ಕುಳಿತುಬಿಟ್ಟೆ. ಹುಟ್ಟಿದ ದಿನ: ೧೯೯೮, ಜೂನ್ ಒಂದು.

ಜೂನ್ ಒಂದು! ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗುವನ್ನು ಶಾಲೆಗೆ ಸೇರಿಸಲು ಹೋದಾಗ ವಯಸ್ಸು ಸಾಲದಿದ್ದರೆ, ಅಥವಾ ದಿನ ನೆನಪಿಲ್ಲದಿದ್ದರೆ, ಮಾಸ್ತರರು ಜೂನ್ ಒಂದು ಅಂತ ಬರೆದುಕೊಂಡು ಒಳಗೆ ಕೂರಿಸುತ್ತಿದ್ದರು. ನಮ್ಮ ಆಫೀಸಿನ ಐವರಲ್ಲಿ ಮೂವರು ಜೂನ್ ಒಂದರ ಗಿರಾಕಿಗಳು: ಮ್ಯಾನೇಜರ್, ಕ್ಯಾಶಿಯರ್ ಮತ್ತು ನಾನು. ಪ್ರತಿ ವರ್ಷ ಮೂವರಿಗೂ ಸೇರಿ ಒಂದೇ ಕೇಕು ತರುತ್ತಿದ್ದೆವು. ಅಂಥ ನಾನೇ ಕಾಗದದ ವಯಸ್ಸು ಕೇಳುವುದನ್ನು ಮರೆತಿದ್ದೆ. ನನ್ನ ತಲೆಗೆ ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು.

ಕಾಗದದ ಪ್ರಕಾರ ಸಹನಾಳಿಗೆ ಏಳು ತುಂಬಿ ಎಂಟು ನಡೆದಿತ್ತು. ಅಂದರೆ ಅವಳು ಏಳರಿಂದ ಹನ್ನೆರಡರವರ ಕ್ಲಬ್ಬಿಗೆ, ಆಕಾಶ ಚಿಕ್ಕವರ ಕ್ಲಬ್ಬಿಗೆ. ಎರಡೂ ಬೇರೆ ಬೇರೆ ಡೆಕ್, ಅಂದರೆ ಹಡಗಿನ ಬೇರೆ ಬೇರೆ ಮಹಡಿಯಲ್ಲಿ. ಮ್ಯಾನೇಜರಿಗೆ ಹೇಳಿದೆ. ಅವರು ತಲೆಯೆತ್ತದೆ ಅಂದರು, "ತಾರೀಖ ಅಷ್ಟ ತಿದ್ದಿ ಕಳಸ್ರಿ. ಇಲ್ಲಾಂದ್ರ ಬಂದರಿನ್ಯಾಗ ಹತ್ತಿಸಿಕೊಳ್ಳೂದಿಲ್ಲ. ಕ್ಲಬ್ಬಿಂದು ಅಲ್ಲೇ ಏನರ ಹೇಳಿ ಮಾಡ್ಕೋತಾರ ತಗೋರಿ."

ಸುಮ್ಮನಿದ್ದುಬಿಡಬಹುದಿತ್ತು. ಖಂಡಿತ ಆ ಆಸೆ ಬಂತು, ಸುಳ್ಳೇಕೆ ಹೇಳಲಿ? ಸಂಜೆ ಧಾರವಾಡದ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತಿದ್ದೆ. ರಾಯಾಪುರ ಯಾವಾಗ ದಾಟಿತೋ ತಿಳಿಯಲಿಲ್ಲ. ಕಣ್ಣ ಮುಂದೆ ಒಂದೇ ಚಿತ್ರ: ಯಾವುದೋ ಬಾಗಿಲಲ್ಲಿ, ಗುರುತಿಲ್ಲದ ಹೆಂಗಸೊಬ್ಬಳು ಆಕಾಶನ ಅಂಗಿಯಿಂದ ಆ ಪುಟ್ಟ ಬೆರಳುಗಳನ್ನು ಬಿಡಿಸುತ್ತಿದ್ದಾಳೆ. ಆ ಹುಡುಗಿ ಬಾಯಿ ಬಿಡಲೆಂದು ಕಳಿಸುತ್ತಿದ್ದೇವೆ, ಇದ್ದ ಒಂದು ಕಿವಿಯನ್ನೂ ಕಸಿದುಕೊಂಡರೆ?

ಶುಕ್ರವಾರ ಬೆಳಿಗ್ಗೆ ಮೊದಲ ಕೆಲಸವಾಗಿ ಮುಂಬೈಗೆ ಫೋನು ಹಚ್ಚಿದೆ. ಅಲ್ಲಿಯ ಅಧಿಕಾರಿಣಿ ಸಭ್ಯಳು, ಆದರೆ ಕಲ್ಲು. ಪಾಸ್‌ಪೋರ್ಟಿನ ವಯಸ್ಸು ನೋಡಿ ಮಕ್ಕಳ ಕೈಗೆ ಬಣ್ಣದ ಪಟ್ಟಿ ಕಟ್ಟುತ್ತಾರೆ, ಅದರಲ್ಲಿ ವಿನಾಯಿತಿ ಇಲ್ಲ ಎಂದಳು. ನಾನು ಬಿಡದೆ ಗೋಗರೆದಾಗ ಇನ್ನೊಂದು ದಾರಿ ಹೇಳಿದಳು. ಅದೇ ಕಂಪನಿಯ ಸಣ್ಣ ಹಡಗೊಂದು ಅದೇ ದಿನ ಹೊರಡುತ್ತದೆ. ಅದರಲ್ಲಿ ನಾಲ್ಕರಿಂದ ಹನ್ನೆರಡರವರೆಗೆ ಎಲ್ಲ ಮಕ್ಕಳಿಗೂ ಒಂದೇ ಕೋಣೆ. ಆದರೆ ಜಾರುಬಂಡಿ ಇಲ್ಲ, ಜಾದೂ ಇಲ್ಲ, ಒಂದು ಮೇಜು, ಬಣ್ಣದ ಕಡ್ಡಿ, ಒಂದು ಟೀವಿ, ಒಬ್ಬಳೇ ಸಿಬ್ಬಂದಿ. ಬದಲಾಯಿಸಲು ಶನಿವಾರ ಮಧ್ಯಾಹ್ನ ಒಂದು ಗಂಟೆ ಕಡೆಯ ಗಡುವು.

ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಆಟೋ ಹಿಡಿದು ಗೋಪನಕೊಪ್ಪಕ್ಕೇ ಹೋದೆ. ಚಹಾ ಮುಟ್ಟುವ ಮೊದಲೇ ಎಲ್ಲವನ್ನೂ ಒಪ್ಪಿಕೊಂಡೆ. ಗಿರಿಜಾರ ಮುಖ ಕೆಂಪಗಾಯಿತು. "ಐದ ಸಲ ಬಂದೇನಲ್ಲರಿ ನಾ? ರೇಲಿಂಗ್ ಎತ್ತರಾನೂ ಕೇಳಿದ್ದೆ. ಇಷ್ಟ ದೊಡ್ಡ ಮಾತು ನಿಮಗ ಹೆಂಗ ತಿಳೀಲಿಲ್ಲ?"

"ತಪ್ಪು ನಂದರಿ," ಎಂದೆ.

ಗೋಡೆಗೆ ಒರಗಿ ನಿಂತಿದ್ದ ಶಿವಾನಂದ ನೆಲ ನೋಡುತ್ತ ಹೇಳಿದರು, "ಅವರದಲ್ಲ ವೈನಿ, ನಂದು. ಇಕಿ ಅವ್ವ ತವರಮನ್ಯಾಗ ಹಾಸಿಗಿ ಹಿಡಿದಿದ್ಲು. ಹಗಲೆಲ್ಲಾ ಕೂಸು ಆ ನೋವು ನೋಡ್ಕೋತ ಕುಂದರ್ತಿತ್ತು. ಐದೂ ತುಂಬಿರಲಿಲ್ಲ. ಮಾಸ್ತರ್ರ ಕೈಕಾಲು ಹಿಡಿದು ವಯಸ್ಸು ಏರಿಸಿ ಸಾಲಿಗೆ ಹಾಕಿಸಿದೆ. ಹುಟ್ಟಿದ್ದೂ ಮನ್ಯಾಗ, ಎಲ್ಲೂ ದಾಖಲಿ ಇರಲಿಲ್ಲ. ಪಾಸ್‌ಪೋರ್ಟಿಗೆ ಸಾಲಿ ಕಾಗದ ಹಿಡದ ಎಲ್ಲಾ ಮಾಡಿಸಿದ್ದು."

ಆ ಮೇಲೆ ಅವಳನ್ನು ಗೋಪನಕೊಪ್ಪಕ್ಕೆ ಕರೆತಂದು ಆಕಾಶನ ಜೊತೆ ಮತ್ತೆ ಒಂದನೇ ಇಯತ್ತೆಗೆ ಕೂರಿಸಿದ್ದರು. ಕಾಗದ ಮಾತ್ರ ಹಾಗೇ ಉಳಿದಿತ್ತು. ನಾಳೆ ಒಂದು ಗಂಟೆಯೊಳಗೆ ತಿಳಿಸಿ ಎಂದು ಹೇಳಿ ಎದ್ದುಬಂದೆ.

ಶನಿವಾರ ಹತ್ತಾಯಿತು, ಹನ್ನೊಂದಾಯಿತು. ಫೋನು ರಿಂಗಾದಾಗಲೆಲ್ಲ ಬೇರೆಯವರು. ಅವರ ಮನೆಗೆ ಹಚ್ಚಿದರೆ ಯಾರೂ ಎತ್ತುತ್ತಿಲ್ಲ. ಮ್ಯಾನೇಜರ್ ಎರಡು ಸಲ ನನ್ನ ಮುಖ ನೋಡಿ ಹೋದರು. ಹನ್ನೆರಡೂಕಾಲಿಗೆ ಗಿರಿಜಾ ಬೆವರೊರೆಸುತ್ತ ಒಳಗೆ ಬಂದರು, ಹಿಂದೆ ಇಬ್ಬರೂ ಮಕ್ಕಳು, ಅಂಗಿ ತುದಿ ಹಿಡಿದ ಅದೇ ಕೈ.

"ಸಣ್ಣ ಹಡಗ ಮಾಡ್ರಿ."

"ಅಲ್ಲಿ ಆಟ ಭಾಳ ಇಲ್ಲರಿ. ಮಕ್ಕಳಿಗೆ ಬ್ಯಾಸರಾದ್ರ?"

"ಆಗ್ಲಿ ಬಿಡ್ರಿ. ಕೂಡೇ ಬ್ಯಾಸರಾಗ್ಲಿ."

ಮುಂಬೈ ಲೈನು ಎಂಗೇಜ್. ಮತ್ತೆ ಹಚ್ಚಿದೆ, ಮತ್ತೆ ಎಂಗೇಜ್. ಫ್ಯಾಕ್ಸ್ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡಿತು. ಒಂದಕ್ಕೆ ಏಳು ನಿಮಿಷ ಇದ್ದಾಗ ಲೈನು ಸಿಕ್ಕಿತು. ಈ ಸಲ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ಓದಿ ಹೇಳಿದೆ. ಬದಲಾಯಿತು ಎಂಬ ಮಾತು ಕೇಳಿದ ಮೇಲೆ ಎದ್ದು ಹೋಗಿ ಒಂದು ತಂಬಿಗೆ ನೀರು ಕುಡಿದೆ.

ಆದರೂ ಜೀವಕ್ಕೆ ಸಮಾಧಾನವಿರಲಿಲ್ಲ. ಅವರು ಮೊದಲ ದಿನ ಕೇಳಿದ್ದು ಒಂದೇ, ಮಕ್ಕಳಿಗೆ ಭರಪೂರ ಆಟ. ಕೊನೆಗೆ ನಾನು ಕೊಟ್ಟದ್ದು ಒಂದು ಮೇಜು, ಒಂದು ಟೀವಿ. ಅವರು ಹಡಗು ಹತ್ತಿದ ದಿನ ಇಂಟರ್ನೆಟ್ಟಿನಲ್ಲಿ ಅಲ್ಲಿಯ ಹವೆ ನೋಡಿದೆ: ಮಳೆ. ಮರುದಿನವೂ ಮಳೆ. ಮಳೆಯಲ್ಲಿ ಈಜುಕೊಳ ಮುಚ್ಚುತ್ತಾರೆಂದು ಬ್ರೋಷರಿನಲ್ಲೇ ಓದಿದ್ದೆ. ಇದ್ದದ್ದೊಂದೂ ಹೋಯಿತಲ್ಲಪ್ಪಾ ಎಂದು ಕೈ ಹಿಸುಕಿಕೊಂಡೆ. ಗಿರಿಜಾ ಬಂದು ಬೈಯುವುದನ್ನು ಮನಸ್ಸಿನಲ್ಲೇ ಹತ್ತು ಸಲ ಕೇಳಿಸಿಕೊಂಡೆ.

ಮೇ ಕೊನೆಯ ವಾರ ಗಿರಿಜಾ ಮಕ್ಕಳಿಬ್ಬರನ್ನೂ ಕರೆದುಕೊಂಡು ಬಂದರು. ಬಾಗಿಲಲ್ಲಿ ಕಾಣುತ್ತಲೇ ನಾನು ಎದ್ದು ನಿಂತೆ. "ಅಕ್ಕಾರ, ಆಟ ಅಂಬೂದು ಅಲ್ಲಿ ಏನೇನೂ ಇರಲಿಲ್ಲ ನೋಡ್ರಿ," ಎಂದೇ ಶುರು ಮಾಡಿದರು. "ಎರಡ ದಿನ ಜಡಿಮಳಿ. ಹುಡುಗರು ಬ್ಯಾಸತ್ತ ಹೋಗಿದ್ರು. ಆ ಕೆಲಸದ ಹುಡುಗಿ ಫಿಲಿಪೀನ್ಸ್ ದಾಕಿ. ಪಾಪ, ಏನ ಮಾಡಬೇಕಂತ ತಿಳೀದ ಇವರ ಕೈಯಾಗ ಸೀಮೆಸುಣ್ಣ ಕೊಟ್ಲು. ನಮ್ಮ ಸಹನಾ ನೆಲದ ಮ್ಯಾಲೆ ಕುಂಟಬಿಲ್ಲಿ ಮನಿ ಬರದಾಳ. ಎಲ್ಲಾ ದೇಶದ ಹುಡುಗರೂ ಕುಂಟಾಕ ಹತ್ತಿದ್ರು! ಆಕಾಶ ಗೆರಿ ತುಳದ. ತುಳದು, ಇಲ್ಲಾ ಅಂದ."

ಗಿರಿಜಾ ಅಲ್ಲಿ ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಅರ್ಥವಾಯಿತು. ಸಹನಾ ದೂರು ಹೇಳಬೇಕು, ಆದರೆ ಯಾರ ಕಿವಿಯಲ್ಲಿ? ಅವಳ ಪರವಾಗಿ ಮಾತಾಡುವವನೇ ಕಳ್ಳ.

"ಸೀದಾ ಹೋಗಿ ಆ ಕೆಲಸದ ಹುಡುಗಿ ಮುಂದ ನಿಂತು ಚೀರಿದ್ಲರಿ. 'ಇಂವ ಗೆರಿ ತುಳದಾನ! ಕಳ್ಳಾಟ ಆಡಾಕತ್ತಾನ! ಔಟ್!' ಅಂತ. ಅಕಿಗೆ ಔಟ್ ಒಂದ ತಿಳೀತು, ಆಕಾಶನ್ನ ಹೊರಗ ಹಾಕಿದ್ಲು. ನಮ್ಮ ಮೈದುನ ಬಾಗಲದಾಗ ನಿಂತಿದ್ರು. ಮಗಳ ದನಿ ಕೇಳಿ ಅಲ್ಲೇ ಕುಂತು ಅತ್ರು." ನನಗೂ ಅಳು ಬಂತು. ಇಷ್ಟು ದಿನದ ಭಯವೆಲ್ಲ ಅದರಲ್ಲಿ ಇಳಿದು ಹೋಯಿತು.

ಮುಂದೆ ಹನ್ನೆರಡು ವರ್ಷ ಆ ಕುರ್ಚಿಯಲ್ಲಿ ಕುಳಿತೆ, ಎಷ್ಟೋ ಹಡಗು ಮಾರಿದೆ. ಮಕ್ಕಳಿರುವ ಮನೆಯವರು ಬಂದರೆ ಆಟಗಳ ಪಟ್ಟಿ ತೆಗೆಯುವ ಮುಂಚೆ ಮೂರು ಮಾತು ಕೇಳುತ್ತಿದ್ದೆ: ಕಾಗದದ ವಯಸ್ಸೆಷ್ಟು, ಖರೇ ವಯಸ್ಸೆಷ್ಟು, ಯಾರನ್ನು ಬಿಟ್ಟು ಯಾರು ಇರುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ.

ಆ ದಿನ ಅವರು ಹೊರಡುವಾಗ ಸಹನಾಳ ಗಲ್ಲ ಮುಟ್ಟಿ, "ಈಗ ನಿನಗ ಎಷ್ಟ ವಯಸ್ಸವ್ವಾ?" ಎಂದು ಕೇಳಿದೆ. ರೂಢಿಯಂತೆ ನನ್ನ ಕಣ್ಣು ಆಕಾಶನ ಕಡೆ ಹೋಯಿತು, ಅವನೂ ಬಾಯಿ ತೆರೆದ. ಸಹನಾ ತನ್ನ ಅಂಗೈಯಿಂದ ಅವನ ಬಾಯಿ ಮುಚ್ಚಿದಳು.

"ಕಾಗದದಾಗ ಏಳ್ರಿ. ಖರೇ ಅಂದ್ರ ಆರು," ಎಂದಳು. ಆಮೇಲೆ ನನ್ನನ್ನೇ ನೋಡುತ್ತ, "ನಿಮಗರಿ?"