ಬಿಸಿಲಲ್ಲಿ ಬಿದ್ದ ಮಳೆ

ನೀವು ನಂಬುವುದಿಲ್ಲ, ಆದರೂ ಕೇಳಿ: ಕಲಘಟಗಿಯಾಚೆ ಚೂರೂ ಮೋಡವಿಲ್ಲದ ಒಂದು ಬೆಳಿಗ್ಗೆ ನಾನೊಬ್ಬನೇ ಮಳೆ ಸುರಿಸಿದೆ.

ಅಳ್ನಾವರಕ್ಕೆ ಹೊರಟಿದ್ದ ನಮ್ಮ ಬೈಕ್ ಪಂಕ್ಚರ್ ಆಗಿ, ಅಪ್ಪ ಅದನ್ನು ತಳ್ಳಿಕೊಂಡು ಅಂಗಡಿಗೆ ಹೋಗಿದ್ದ. ನಾನು ಬೇಡ್ತಿ ಹಳ್ಳದ ದಂಡೆಯಲ್ಲಿ, ದಿನಾ ಮಳೆ ಅಳೆದು ಬರೆದಿಡುವ ಬಸಪ್ಪ ಕಾಕಾನ ಅಂಗಳದಲ್ಲಿ ಕುಳಿತಿದ್ದೆ. ಕಾಕಾ ಪುಸ್ತಕ ತರಲು ಒಳಗೆ ಹೋದಾಗ, ತಮಾಷೆಗೆಂದು ನನ್ನ ಬಾಟ್ಲಿಯ ನೀರನ್ನೆಲ್ಲ ಅವನ ಮಳೆಮಾಪಕಕ್ಕೆ ಹೊಯ್ದೆ.

ಕಾಕಾ ಬಂದು ಹಳೆಯ ಹಾಳೆಗಳನ್ನು ತೆರೆದ. "ನೋಡ್ ತಮ್ಮಾ, ಮಳಿ ಆಗಿನಷ್ಟ ಐತಿ. ಆದ್ರ ಹಳ್ಳ ಆಗ ಸಂಕ್ರಾಂತಿತನಕ ಹರೀತಿತ್ತು, ಈಗ ದೀಪಾವಳಿಗೇ ಕಲ್ಲು ಕಾಣ್ತಾವು. ಗುಡ್ಡ ಬೋಳಾತು, ನೀರು ನಿಲ್ಲವಲ್ದು. ಹೇಳಿದ್ರ ಯಾರೂ ನಂಬಂಗಿಲ್ಲ. ಅದಕ್ಕ ಇದರಾಗ ಒಂದ್ ಹನಿನೂ ಸುಳ್ಳು ಬರದಿಲ್ಲ ನಾ."

ಅವನು ಓದುತ್ತ ಹೋದಂತೆ ಹಳೆಯ ಹಳ್ಳ ಹಾಳೆಯಿಂದಿಳಿದು ನನ್ನ ಮೊಣಕಾಲಿಗೆ ಬಂತು. ಆಣೆಗೂ, ಒಂದು ಮೀನು ನನ್ನ ಹೆಬ್ಬೆರಳನ್ನು ಕಚ್ಚಿತು.

ಆಮೇಲೆ ಕಾಕಾ ಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದ. ಗಾಜು ನೋಡಿದ, ಆಕಾಶ ನೋಡಿದ. "ನಸುಕಿನ್ಯಾಗ ಬಿದ್ದಿರಬೇಕು. ಬರದಬಿಡೂಣು," ಎಂದು ಪೆನ್ನು ತೆಗೆದ.

ನಾನು ಖಾಲಿ ಬಾಟ್ಲಿಯನ್ನು ಬೆನ್ನ ಹಿಂದೆ ಸರಿಸಿದೆ. ಪೆನ್ನು ಹಾಳೆಗೆ ತಾಗುವಷ್ಟರಲ್ಲಿ ಅಪ್ಪ ಬೆವರು ಸುರಿಸುತ್ತ ಬಂದ.

"ನೀರು ಕೊಡೋ ಲೇ!" ಬಾಟ್ಲಿ ಎತ್ತಿ ಅಲುಗಾಡಿಸಿದ. "ತುಂಬಿ ಕೊಟ್ಟಿದ್ನಲ್ಲೋ, ಎಲ್ಲಿ ಹೋತು?"

ಕಾಕಾ ಬಾಟ್ಲಿ ನೋಡಿದ, ನನ್ನನ್ನು ನೋಡಿದ, ಗಾಜನ್ನು ಅಪ್ಪನ ಮುಂದೆ ಹಿಡಿದ. "ಕುಡೀರಿ. ನಿಮ್ಮ ಮಗ ಸುರಿಸಿದ ಮಳಿ."

ಪುಸ್ತಕದಲ್ಲಿ ದುಂಡನೆಯ ಸೊನ್ನೆ ಬಿತ್ತು. ನನ್ನ ಕಿವಿ ಅಪ್ಪನ ಕೈಗೆ ಬಿತ್ತು.