ಪಟಾನ್‌ಚೆರುವಿನ ಕಂದು ಗೊದ್ದ

ಓರಗೆಯವರೆಲ್ಲ ಅಮೀರ್‌ಪೇಟ್‌ಗೆ ಹೋಗಿ ಕಂಪ್ಯೂಟರ್ ನೌಕರಿಗೆಂದು ಜಾವಾ ಕಲಿಯುತ್ತಿದ್ದ ಕಾಲದಲ್ಲಿ ನಾನು ಹೈದರಾಬಾದಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೂತು ಇರುವೆಗಳ ಕಾಲು ಅಳೆಯುತ್ತಿದ್ದೆ. ಮಲ್ಕಾಜ್‌ಗಿರಿಯ ನಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ ಯಾರಾದರೂ "ಮಗಳು ಏನ್ ಮಾಡಾಕತ್ತಾಳ್ರಿ?" ಎಂದು ಕೇಳಿದರೆ ಅಪ್ಪ "ರಿಸರ್ಚ್" ಎಂದಷ್ಟೇ ಹೇಳಿ ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಯಾತರ ಮೇಲೆ ಎಂದು ಕೇಳಿದವರ ಮೇಲೆ ಅವರಿಗೆ ಸಿಟ್ಟು. ನನ್ನ ಮೇಲೆ ಇನ್ನೂ ಹೆಚ್ಚು.

ನನ್ನ ಗೈಡ್ ಬಾಗಲಕೋಟೆ ಕಡೆಯವರು. ಮದುವೆಯಾದ ಹೊಸತರಲ್ಲಿ, ಹೈದರಾಬಾದಿನ ಅಂಚಿನ ಪಟಾನ್‌ಚೆರುವಿನಲ್ಲಿ ಕಾರ್ಖಾನೆಯೊಂದಕ್ಕೆ ಪಾಯ ಅಗೆಯುತ್ತಿದ್ದಲ್ಲಿ ತಿಳಿಕಂದು ಬಣ್ಣದ ಗೊದ್ದಗಳನ್ನು, ಅಂದರೆ ದಪ್ಪ ಇರುವೆಗಳನ್ನು ಕಂಡು, ಇದು ಕರಿ ಗೊದ್ದದ ಹೊಸ ಬಗೆ ಎಂದು ಪ್ರಕಟಿಸಿ, ಶಾಸ್ತ್ರದ ರೂಢಿಯಂತೆ ಲ್ಯಾಟಿನ್ ಬಾಲ ಹಚ್ಚಿ ಅದಕ್ಕೆ ಹೆಂಡತಿಯ ಹೆಸರಿಟ್ಟಿದ್ದರು. ಸೀರೆ ಬಳೆ ಕೊಡಿಸಿದ್ದು ಇಬ್ಬರಿಗೂ ನೆನಪಿರಲಿಲ್ಲ. ಕೊಟ್ಟ ಉಡುಗೊರೆ ಇರುವೆಯೊಂದೇ. ಆಕೆಗೋ ಅದರದೇ ಹೆಮ್ಮೆ. ಸಕ್ಕರೆ ಡಬ್ಬಿಗೆ ಮುತ್ತಿದ ಕರಿ ಇರುವೆಗಳನ್ನು ನಿರ್ದಯವಾಗಿ ಒರೆಸಿ ಹಾಕಿ, ಕಂದು ಕಂಡದ್ದನ್ನೆಲ್ಲ "ಇವು ನಮ್ಮವು" ಎಂದು ಕಾಗದದ ಮೇಲೆ ಹತ್ತಿಸಿಕೊಂಡು ಹಿತ್ತಲಿಗೆ ಬಿಟ್ಟು ಬರುತ್ತಿದ್ದರು. ಆ ಕಂದು ಇರುವೆಗಳು ಬೇರೆಯದೇ ಜಾತಿಯವು. ನಾನು ಬಾಯಿ ಬಿಡಲಿಲ್ಲ. ಅವರ ಮನೆಯ ಚಹಾ ಚೆನ್ನಾಗಿರುತ್ತಿತ್ತು.

ಹೆಸರು ಪಡೆದ ಗೊದ್ದದ ಬಗೆಗಳಲ್ಲಿ ಯಾವುದು ನಿಜ, ಯಾವುದು ಸುಮ್ಮನೆ ಎಂದು ಪರೀಕ್ಷಿಸುವುದೇ ನನ್ನ ಪ್ರಬಂಧ. ಅದಕ್ಕಾಗಿ ಅವ್ವನ ಉಪ್ಪಿನಕಾಯಿ ಬಾಟಲಿ ಕದ್ದು ಅದರಲ್ಲಿ ಕರಿ ಗೊದ್ದದ ರಾಣಿಯೊಂದನ್ನು ಸಾಕಿದೆ. ಕೊನೆಗೊಮ್ಮೆ ಕೋಶ ಹರಿದು ಎಳೆಯ ಇರುವೆಗಳು ಹೊರಬಂದವು. ತಿಳಿಕಂದು! ಗೈಡ್ ಬರೆದ ವರ್ಣನೆಗೆ ಕಾಲಿನ ಹಳದಿಯವರೆಗೂ ಹೊಂದುತ್ತಿದ್ದವು. ಕೆಲವೇ ದಿನಗಳಲ್ಲಿ ಒಂದೊಂದಾಗಿ ಕಪ್ಪಾದವು. ಅಂದರೆ ಆ ಪಾಯದ ಗುದ್ದಲಿ, ಗೂಡಿನೊಳಗೇ ಇರಬೇಕಾಗಿದ್ದ ಎಳೆಯವನ್ನು ಹೊರಗೆ ಕೆದರಿತ್ತು. ಹೊಸ ಬಗೆಯೂ ಇಲ್ಲ, ಏನೂ ಇಲ್ಲ. ಬಾಟಲಿಗೆ ಇಣುಕಿದ ಅವ್ವ, "ನೀನೂ ಹುಟ್ಟಿದಾಗ ಬೆಳ್ಳಗ ಇದ್ದಿ" ಎಂದಳು.

ನನ್ನ ಪ್ರಬಂಧಕ್ಕೆ ಸಹಿ ಹಾಕಬೇಕಾದವರೂ ಅದೇ ಗೈಡ್. ಎರಡು ವಾರ ಅವರ ಕಣ್ಣು ತಪ್ಪಿಸಿ ತಿರುಗಿ, ಕಡೆಗೆ ಕಪ್ಪಾದವೂ ಆಗಷ್ಟೇ ಹೊರಬಂದ ಕಂದು ಎಳೆಯವೂ ಒಟ್ಟಿಗಿದ್ದ ಬಾಟಲಿಯನ್ನೇ ಅವರ ಮೇಜಿನ ಮೇಲಿಟ್ಟೆ. ಅವರು ಬಹಳ ಹೊತ್ತು ಲೆನ್ಸಿನಲ್ಲಿ ನೋಡಿದರು.

"ಖರೇ ಐತಿ. ಬರಿ, ಸಹಿ ಹಾಕ್ತೀನಿ," ಎಂದರು. ಆಮೇಲೆ ದನಿ ತಗ್ಗಿಸಿ, "ಆದ್ರ ಮನ್ಯಾಗ ನೀನ ಬಂದು ಹೇಳಬೇಕು. ನನ್ನ ಕಡೆಯಿಂದ ಆಗೂದಿಲ್ಲ."

ಕುಲಪತಿಗಳ ಎದುರೇ ಮೇಜು ಗುದ್ದಿ ಮಾತಾಡಿದ ಮನುಷ್ಯ ಅಂದು ಸಂಜೆ ಸ್ವಂತ ಮನೆಯೊಳಗೆ ನನ್ನ ಹಿಂದೆ ಹಿಂದೆ ಬಂದರು.

"ಅಮ್ಮಾರ, ನಿಮ್ಮ ಇರುವೆ ಬ್ಯಾರೆ ಬಗೆ ಅಲ್ಲರಿ," ಎಂದೆ. "ಕರಿ ಗೊದ್ದದ ಎಳೇವು ಅಷ್ಟ."

ಆಕೆ ಚಹಾದ ತಟ್ಟೆ ಕೆಳಗಿಟ್ಟರು. "ಹಂಗಾರ ನನ್ನ ಹೆಸರು ಅಳಿಸ್ತೀರೇನು?"

"ಅಳಿಸೂದಿಲ್ಲರಿ. ಕರಿ ಗೊದ್ದಕ್ಕ ಮೊದಲಿಟ್ಟ ಹೆಸರಿನ ಕೆಳಗ ಸಣ್ಣ ಅಕ್ಷರದಾಗ ನಿಮ್ಮದೂ ಕಾಯಂ ಇರ್ತೈತಿ. ಆದ್ರ ಆ ಇರುವೆನ್ನ ಇನ್ನ ಆ ಹೆಸರಿಲೆ ಯಾರೂ ಕರಿಯೂದಿಲ್ಲ."

ಆಕೆ ನಕ್ಕರು. ನನಗೆ ಆ ನಗು ಸಹಿಸಲಾಗಲಿಲ್ಲ. "ಈ ಮನಿಗೆ ಬಂದಾಗಿಂದ ನನಗ 'ಏ', 'ಇಲ್ಲೆ ಬಾ', ಅಷ್ಟ, ತಂಗಿ. ಇವರ ಬಾಯಾಗ ನನ್ನ ಹೆಸರು ಬರ್ತಿದ್ದದ್ದು ಆ ಇರುವೆ ಮಾತು ಬಂದಾಗ ಮಾತ್ರ."

ಗೈಡ್ ಬಾಗಿಲಲ್ಲೇ ನಿಂತಿದ್ದರು. ಎರಡು ಸಲ ಗಂಟಲು ಸರಿಮಾಡಿಕೊಂಡು ಹೆಂಡತಿಯನ್ನು ಹೆಸರು ಹಿಡಿದು ಕರೆದರು. ರೂಢಿ ತಪ್ಪಿದ ನಾಲಗೆ. ಇರುವೆಯ ಹೆಸರಿಗೆ ಹಚ್ಚಿದ್ದ ಲ್ಯಾಟಿನ್ ಬಾಲವೂ ಜೊತೆಗೇ ಹೊರಬಿತ್ತು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಆಕೆ ನಗಲಿಲ್ಲ. "ಏನ್ರಿ?" ಎಂದು ಓಗೊಟ್ಟರು.